ಪಚ್ಚೆಯ ಉಂಗುರ ಕೊಳ್ಳಹೊರಟ ತಂಗಿಯ ಮಗನಿಗೆ

ಚಿರಂಜೀವಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನೀನು ಕೈಹಿಡಿಯಲಿರುವ ಹುಡುಗಿಗೆ ವಜ್ರಕ್ಕಿಂತ ಪಚ್ಚೆಯೇ ಇಷ್ಟವೆಂದೂ, ಉಂಗುರಕ್ಕೆ ದೊಡ್ಡದಾದ, ಒಳಗೊಂದು ಕಲೆಯೂ ಇಲ್ಲದ, ಕಡುಹಸಿರಿನ ಹರಳು ಬೇಕೆಂದೂ, ಆದರೆ ಅದಕ್ಕಾಗಿ ಸಾಲ ಮಾಡುವ ಮನಸ್ಸಿಲ್ಲವೆಂದೂ ಬರೆದಿದ್ದೀಯೆ. ಸಾಲ ಮಾಡದಿರುವ ನಿನ್ನ ನಿರ್ಧಾರ ನನಗೆ ಬಹಳ ಹಿಡಿಸಿತು. ಉಳಿದ ಮೂರು ಆಸೆಗಳನ್ನು ಮಾತ್ರ ಒಂದೇ ಹರಳಿನಲ್ಲಿ ಹುಡುಕಬೇಡ. ಆ ಮೂರೂ ಕೂಡಿಬಂದ ಪಚ್ಚೆ ಬಲು ವಿರಳ, ಅದರ ಬೆಲೆ ನನ್ನ ನಿನ್ನಂಥವರ ಕೈಗೆ ಎಟುಕುವುದಲ್ಲ. ಅಂಥದ್ದೊಂದು ಅಗ್ಗಕ್ಕೆ ನಿನ್ನ ಮುಂದೆ ಬಂದಿತೆಂದರೆ ಅದು ಗಾಜಾಗಿರಬೇಕು, ಲ್ಯಾಬಿನಲ್ಲಿ ಬೆಳೆದದ್ದಾಗಿರಬೇಕು, ಇಲ್ಲವೇ ಅದರ ಬಿರುಕುಗಳನ್ನು ಯಾರೋ ಜಾಣತನದಿಂದ ಮುಚ್ಚಿರಬೇಕು. ಆದ್ದರಿಂದ ಯಾವುದನ್ನು ಬಿಟ್ಟುಕೊಡಬೇಕು, ಎಷ್ಟು ಬಿಟ್ಟುಕೊಡಬೇಕು ಎಂಬುದನ್ನು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ತೀರ್ಮಾನಿಸಿಕೊಂಡಿರಬೇಕು. ನನ್ನನ್ನು ಕೇಳಿದರೆ, ಮೊದಲು ಗಾತ್ರವನ್ನು ಬಿಡು, ಆಮೇಲೆ ಒಳಗಿನ ಸ್ವಚ್ಛತೆಯನ್ನು ಸ್ವಲ್ಪ ಬಿಡು, ಬಣ್ಣವನ್ನು ಮಾತ್ರ ಬಿಡಬೇಡ.

ಪಚ್ಚೆಯೊಳಗೆ ಬಿರುಕುಗಳು ಏಕಿರುತ್ತವೆ ಎಂಬುದನ್ನು ತಿಳಿದುಕೊಂಡರೆ ಅವುಗಳ ಮೇಲಿನ ನಿನ್ನ ಕೋಪ ಅರ್ಧ ಇಳಿಯುತ್ತದೆ. ಪಚ್ಚೆ ಎಂಬುದು ಬೆರಿಲ್ ಎನ್ನುವ ಖನಿಜದ ಒಂದು ಬಗೆ. ಶುದ್ಧವಾದ ಬೆರಿಲ್‌ಗೆ ಬಣ್ಣವೇ ಇಲ್ಲ. ಅದರೊಳಗೆ ಕ್ರೋಮಿಯಂ ಅಥವಾ ವೆನೇಡಿಯಂ ಎಳ್ಳಷ್ಟು ಸೇರಿದಾಗ ಮಾತ್ರ ಅದು ಹಸಿರಾಗುತ್ತದೆ. ಬೆರಿಲ್‌ಗೆ ಬೇಕಾದ ಬೆರಿಲಿಯಂ ಗ್ರಾನೈಟ್ ಜಾತಿಯ ಕಲ್ಲುಗಳ ಕಡೆಯದು. ಕ್ರೋಮಿಯಂ ಭೂಮಿಯ ಆಳದಿಂದ ಬಂದ ಕಪ್ಪು, ಭಾರವಾದ ಕಲ್ಲುಗಳ ಕಡೆಯದು. ಸಾಮಾನ್ಯವಾಗಿ ಒಂದರ ನೆರೆಯಲ್ಲಿ ಇನ್ನೊಂದು ಇರುವುದಿಲ್ಲ. ನೆಲದೊಳಗೆ ಪದರಗಳು ಸರಿದು, ಒತ್ತಿ, ಬಿಸಿನೀರು ನುಗ್ಗಿ ಇವೆರಡನ್ನೂ ಒಂದೆಡೆ ಸೇರಿಸಿದಾಗ ಪಚ್ಚೆ ಹುಟ್ಟುತ್ತದೆ, ಹುಟ್ಟುವಾಗಲೇ ಪೆಟ್ಟು ತಿನ್ನುತ್ತದೆ. ಫ್ರೆಂಚರು ಪಚ್ಚೆಯೊಳಗಿನ ಈ ಎಳೆ, ಮೋಡ, ಸೀಳುಗಳನ್ನೆಲ್ಲ ಸೇರಿಸಿ ‘ತೋಟ’ ಎನ್ನುತ್ತಾರೆ. ವ್ಯಾಪಾರಿಗಳು ಈ ಮಾತನ್ನು ಎಲ್ಲ ಕಳಪೆ ಹರಳುಗಳಿಗೂ ಬಳಸುವುದರಿಂದ ಅದನ್ನು ಕೇಳಿದಾಗ ನನಗೆ ನಗು ಬರುತ್ತದೆ. ಆದರೂ ಮಾತಿನಲ್ಲಿ ಹುರುಳಿಲ್ಲದಿಲ್ಲ. ವಜ್ರವನ್ನು ನೋಡುವ ಕಣ್ಣಿನಿಂದ ಪಚ್ಚೆಯನ್ನು ನೋಡಿದರೆ ಜಗತ್ತಿನ ಯಾವ ಪಚ್ಚೆಯೂ ನಿನಗೆ ಒಪ್ಪಿಗೆಯಾಗದು.

ಹೊರಗಿನವರೆಗೆ ಬಂದು ಮುಟ್ಟುವ ಬಿರುಕುಗಳಲ್ಲಿ ಎಣ್ಣೆ ತುಂಬುವುದು ಪಚ್ಚೆಯ ವ್ಯಾಪಾರದಲ್ಲಿ ಹಳೆಯ ರೂಢಿ. ಬಿರುಕಿನಲ್ಲಿ ಗಾಳಿ ಇದ್ದಾಗ ಬೆಳಕು ಅಲ್ಲಿ ತಿರುಗಿ ಬೆಳ್ಳಗೆ ಕಾಣುತ್ತದೆ. ಪಚ್ಚೆಯಂತೆಯೇ ಬೆಳಕನ್ನು ಬಾಗಿಸುವ ಎಣ್ಣೆ ತುಂಬಿದಾಗ ಬಿರುಕು ಕಣ್ಣಿಗೆ ಕರಗಿಹೋಗುತ್ತದೆ. ಇದಕ್ಕೆ ಹೆಚ್ಚಾಗಿ ಬಳಸುವುದು ದೇವದಾರು ಜಾತಿಯ ಮರದ ಎಣ್ಣೆ. ಈಚೆಗೆ ರೆಸಿನ್ ಎಂಬ ಅಂಟಿನಂಥ ವಸ್ತುಗಳನ್ನೂ ಬಳಸುತ್ತಾರೆ. ಇದು ಮೋಸವಲ್ಲ, ಹೇಳದೆ ಮಾರುವುದು ಮೋಸ. ಮಾರುಕಟ್ಟೆಯಲ್ಲಿರುವ ಬಹುಪಾಲು ಪಚ್ಚೆಗಳು ಎಣ್ಣೆ ಕಂಡವೇ ಆಗಿರುವುದರಿಂದ ‘ಎಣ್ಣೆ ಹಾಕಿದೆಯೇ’ ಎಂದು ಕೇಳುವುದಕ್ಕಿಂತ ‘ಎಷ್ಟು ಹಾಕಿದೆ’ ಎಂದು ಕೇಳಬೇಕು. ಪರೀಕ್ಷಾಲಯಗಳು ಇದನ್ನು ಅಲ್ಪ, ಮಧ್ಯಮ, ಗಣನೀಯ ಎಂದು ವಿಂಗಡಿಸಿ ಬರೆದುಕೊಡುತ್ತವೆ. ನಿನ್ನ ಹಣಕ್ಕೆ ಅಲ್ಪದಿಂದ ಮಧ್ಯಮದವರೆಗಿನದು ಸರಿ. ಗಣನೀಯ ಎಂದಿರುವ ಹರಳು ಅಗ್ಗವಾಗಿರುವುದೇನೋ ನಿಜ, ಆದರೆ ಆ ಹರಳಿನಲ್ಲಿ ನೀನು ಕೊಳ್ಳುವ ಚೆಲುವಿನ ದೊಡ್ಡ ಪಾಲು ಎಣ್ಣೆಯದು.

ಈ ಮಾತನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನ ಮೊದಲ ಪಚ್ಚೆಯುಂಗುರ ಕೊಂಡು ನಾಲ್ಕು ವರ್ಷವಾದಾಗ ಅದನ್ನು ಸ್ವಚ್ಛ ಮಾಡಿಸಲೆಂದು ಒಂದು ಅಂಗಡಿಗೆ ಕೊಟ್ಟೆ. ಅವರು ಉಳಿದ ಒಡವೆಗಳೊಂದಿಗೆ ಅದನ್ನೂ ಶಬ್ದದ ಅಲೆಗಳಿಂದ ಅದುರಿಸಿ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರದ ಬಿಸಿನೀರಿಗೆ ಹಾಕಿದರು. ಹದಿನೈದು ನಿಮಿಷದ ಮೇಲೆ ನನ್ನ ಕೈಗೆ ಬಂದ ಹರಳು ನನ್ನದೇ ಎಂದು ನಂಬಲಾಗಲಿಲ್ಲ. ಮಂಜು ಹಿಡಿದ ಗಾಜಿನಂತೆ ಮಸಕಾಗಿ, ಒಳಗೆಲ್ಲ ಬಿಳಿಯ ಗೆರೆಗಳು ಎದ್ದು ಕಾಣುತ್ತಿದ್ದವು. ಹರಳು ಒಡೆದಿರಲಿಲ್ಲ, ಎಣ್ಣೆ ಹೊರಟುಹೋಗಿತ್ತು ಅಷ್ಟೆ. ಮತ್ತೆ ಎಣ್ಣೆ ತುಂಬಿಸಿದಾಗ ಮುಕ್ಕಾಲು ಪಾಲು ಮೊದಲಿನಂತಾಯಿತು. ಆದರೆ ಆ ಹರಳಿನಲ್ಲಿ ಅಷ್ಟು ಬಿರುಕುಗಳಿದ್ದವೆಂದು ಮಾರಿದವರು ಒಂದು ಮಾತೂ ಹೇಳಿರಲಿಲ್ಲ, ಕೇಳಬೇಕೆಂದು ನನಗೂ ತೋಚಿರಲಿಲ್ಲ.

ಹತ್ತು ಪಟ್ಟು ಹಿಗ್ಗಿಸಿ ತೋರುವ ಲೂಪ್ ಒಂದನ್ನು ಕೊಂಡುಕೋ; ಅದಕ್ಕೆ ಆಗುವ ಖರ್ಚು ಅಲ್ಪ. ಹರಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಮೇಲ್ಮೈ ಕನ್ನಡಿಯಂತೆ ಹೊಳೆಯುವ ಕೋನ ಸಿಕ್ಕಿದಾಗ ಅಲ್ಲಿ ಕೂದಲೆಳೆಯಂಥ ಗೆರೆಗಳು ಕಾಣುತ್ತವೆಯೇ ನೋಡು. ಹಾಗೆ ಕಂಡವು ಹೊರಗೆ ತೆರೆದ ಬಿರುಕುಗಳು. ಒಂದೆರಡಿದ್ದರೆ ಹೆದರಬೇಡ. ಅವು ಹರಳಿನ ಮೂಲೆಯಲ್ಲೋ, ಅಂಚಿನಲ್ಲೋ, ಈ ಕಡೆಯಿಂದ ಆ ಕಡೆಗೆ ಹಾಯ್ದೋ ಇದ್ದರೆ ಆ ಹರಳು ಉಂಗುರಕ್ಕೆ ಸಲ್ಲದು. ಕಿವಿಯೋಲೆಗೋ ಪದಕಕ್ಕೋ ಬೇಕಾದರೆ ಆಗಬಹುದು. ಹರಳನ್ನು ತಿರುಗಿಸುವಾಗ ಬಿರುಕಿನಿಂದ ನೀಲಿ ಅಥವಾ ಕಿತ್ತಳೆ ಬಣ್ಣದ ಮಿಂಚು ಹಾರಿದರೆ ಒಳಗಿರುವುದು ರೆಸಿನ್ ಆಗಿರುವ ಸಂಭವ ಹೆಚ್ಚು. ಹಸಿರು ಬಣ್ಣವೆಲ್ಲ ಬಿರುಕುಗಳ ಗೆರೆಯಲ್ಲೇ ಮಡುಗಟ್ಟಿ ಉಳಿದ ಮೈ ಪೇಲವವಾಗಿದ್ದರೆ, ಅದು ಬಣ್ಣ ಬೆರೆಸಿದ ಎಣ್ಣೆ. ಅಂಥದ್ದನ್ನು ಅಲ್ಲಿಯೇ ಇಟ್ಟು ಬಾ.

ಇನ್ನು ಬಣ್ಣದ ಮಾತು. ಕಡುಹಸಿರು ಎಂದು ನೀನು ಬರೆದಿದ್ದೀಯೆ. ಕಡು ಎಂದರೆ ಕಪ್ಪಾಗಿರುವುದು ಎಂಬ ಅರ್ಥ ಮಾಡಿಕೊಳ್ಳಬೇಡ. ಅಂಗಡಿಯ ಪ್ರಖರ ದೀಪಗಳ ಕೆಳಗೆ ಸೊಗಸಾಗಿ ಉರಿಯುವ ಎಷ್ಟೋ ಹರಳುಗಳು ಮನೆಯ ಬೆಳಕಿನಲ್ಲಿ ಬಾಟಲಿಯ ತಳದಂತೆ ಕಪ್ಪಾಗಿ ಕೂರುತ್ತವೆ. ಹರಳನ್ನು ಬಾಗಿಲ ಬಳಿಯ ಹಗಲು ಬೆಳಕಿಗೆ ತಂದು ನೋಡು, ಹಳದಿ ದೀಪದ ಕೆಳಗೆ ನೋಡು, ಬೆರಳ ಮೇಲಿಟ್ಟು ತೋಳುದ್ದ ದೂರದಿಂದ ನೋಡು. ಮೂರೂ ಕಡೆ ಜೀವಂತ ಹಸಿರಾಗಿ ಉಳಿದರೆ ಅದು ನಿನ್ನ ಹರಳು. ಅತಿ ಗಾಢವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದ, ಆದರೆ ಬಣ್ಣ ಎಲ್ಲೆಡೆ ಸಮನಾಗಿರುವ ಹರಳು ಬೆಲೆಯಲ್ಲೂ ಇಳಿಯುತ್ತದೆ, ಚಿಕ್ಕ ಉಂಗುರದಲ್ಲಿ ಚೆನ್ನಾಗಿಯೂ ಬೆಳಗುತ್ತದೆ. ತೀರ ತಿಳಿಯಾದರೆ ಅದನ್ನು ಪಚ್ಚೆ ಎನ್ನದೆ ಹಸಿರು ಬೆರಿಲ್ ಎನ್ನುತ್ತಾರೆ, ಅದರ ಬೆಲೆಯೇ ಬೇರೆ.

ಊರಿನ ಹೆಸರಿಗೆ ಹಣ ಕೊಡಬೇಡ. ಕೊಲಂಬಿಯಾದ ಮೂಸೋ, ಚಿವೋರ್ ಗಣಿಗಳ ಹೆಸರಿಗೆ ಶತಮಾನಗಳ ಕೀರ್ತಿ ಇದೆ, ಆ ಕೀರ್ತಿಯನ್ನೂ ಬೆಲೆಯಲ್ಲಿ ಸೇರಿಸುತ್ತಾರೆ. ಜಾಂಬಿಯಾದ ಪಚ್ಚೆಗಳಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಹಸಿರಿನಲ್ಲಿ ನೀಲಿಯ ಛಾಯೆ ಇರುತ್ತದೆ, ಒಳಗು ಎಷ್ಟೋ ವೇಳೆ ಹೆಚ್ಚು ಸ್ವಚ್ಛವಾಗಿರುತ್ತದೆ, ಸಮಾನ ಚೆಲುವಿನ ಕೊಲಂಬಿಯಾದ ಹರಳಿಗಿಂತ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ. ಬ್ರೆಜಿಲ್‌ನವೂ ಹಾಗೆಯೇ ಕೈಗೆಟುಕುವಂಥವು. ಅದಲ್ಲದೆ ಹರಳು ಯಾವ ನೆಲದ್ದೆಂದು ಬರಿಗಣ್ಣಿನಿಂದ ಹೇಳುವವನ ಮಾತನ್ನು ನಂಬಿ ಹೆಚ್ಚು ಹಣ ಕೊಡುವುದು ವಿವೇಕವಲ್ಲ. ಅದು ಒಳ್ಳೆಯ ಪರೀಕ್ಷಾಲಯಗಳೂ ಅಭಿಪ್ರಾಯವೆಂದು ಬರೆದುಕೊಡುವ ಸಂಗತಿ.

ಗಾತ್ರವನ್ನು ಬಿಡು ಎಂದೆನಲ್ಲ, ಅದರಿಂದ ನೀನು ಎಣಿಸಿದಷ್ಟು ನಷ್ಟವಿಲ್ಲ. ಪಚ್ಚೆ ವಜ್ರಕ್ಕಿಂತ ಹಗುರ. ಅದರ ಸಾಂದ್ರತೆ ಸುಮಾರು 2.7, ವಜ್ರದ್ದು 3.5. ಒಂದು ಕ್ಯಾರೆಟ್ ವಜ್ರದಷ್ಟೇ ಅಗಲ ಕಾಣುವ ಪಚ್ಚೆ ಸುಮಾರು 0.8 ಕ್ಯಾರೆಟ್ ಮಾತ್ರ ತೂಗುತ್ತದೆ. ಆದ್ದರಿಂದ ಕ್ಯಾರೆಟ್ ಕೇಳುವ ಬದಲು ಮಿಲಿಮೀಟರ್ ಕೇಳು. ತೂಕ ಹೆಚ್ಚಿದಂತೆ ಒಂದೊಂದು ಕ್ಯಾರೆಟ್ಟಿನ ದರವೂ ಏರುವುದರಿಂದ ಎರಡು ಕ್ಯಾರೆಟ್ಟಿನ ಹರಳು ಅದೇ ಗುಣದ ಒಂದು ಕ್ಯಾರೆಟ್ಟಿನದಕ್ಕಿಂತ ಎರಡು ಪಟ್ಟಲ್ಲ, ಅದಕ್ಕೂ ಬಹಳ ಹೆಚ್ಚು ಬೆಲೆಯದಾಗುತ್ತದೆ. ಒಂದು ಕ್ಯಾರೆಟ್ ತುಂಬಿತೆಂಬ ಕಾರಣಕ್ಕೇ ದರ ಜಿಗಿಯುವುದೂ ಉಂಟು. 0.9 ಕ್ಯಾರೆಟ್ಟಿನ ಹರಳು ಬೆರಳ ಮೇಲೆ ಚಿಕ್ಕದೆಂದು ಯಾರಿಗೂ ತೋರುವುದಿಲ್ಲ. ತೂಕ ಉಳಿಸಿಕೊಳ್ಳುವ ಆಸೆಯಿಂದ ಕೆಲವು ಹರಳುಗಳ ತಳವನ್ನು ಹೊಟ್ಟೆಯಂತೆ ಉಬ್ಬಿಸಿ ಬಿಟ್ಟಿರುತ್ತಾರೆ, ಆ ತೂಕವೆಲ್ಲ ಉಂಗುರದೊಳಗೆ ಅಡಗಿ ಕಾಣದೆ ಹೋಗುತ್ತದೆ. ಇನ್ನು ಕೆಲವು ತೀರ ತೆಳುವಾಗಿದ್ದು, ಅಕ್ಷರದ ಮೇಲಿಟ್ಟರೆ ನಡುಭಾಗದಲ್ಲಿ ಅಕ್ಷರ ಓದಲು ಬರುವಷ್ಟು ಬಣ್ಣಗೆಟ್ಟಿರುತ್ತವೆ. ಇವೆರಡನ್ನೂ ಬದಿಯಿಂದ ನೋಡಿದರೆ ತಿಳಿಯುತ್ತದೆ. ಮೂಲೆ ಕತ್ತರಿಸಿದ ಉದ್ದ ಚೌಕದ ಕಟ್‌ಗೆ ಪಚ್ಚೆಯ ಹೆಸರೇ ಬಂದಿದೆ, ಮೂಲೆ ಕತ್ತರಿಸುವುದು ಅವು ಒಡೆಯದಿರಲೆಂದು. ಆದರೆ ಚಿಕ್ಕ ಹರಳಿಗೆ ಅಂಡಾಕಾರವೂ ಚೆನ್ನ. ಒಳಗೆ ಹೆಚ್ಚು ಮೋಡವಿದ್ದೂ ಬಣ್ಣ ಮಾತ್ರ ಅದ್ಭುತವಾಗಿರುವ ಹರಳನ್ನು ಗುಮ್ಮಟದಂತೆ ನುಣುಪಾಗಿ ಸಾಣೆ ಹಿಡಿದು ಮಾರುತ್ತಾರೆ. ಅವು ಇನ್ನೂ ಅಗ್ಗ. ಈಗ ನನ್ನ ಬೆರಳಲ್ಲಿರುವುದು ಅಂಥದ್ದೇ ಒಂದು, ಅದನ್ನು ಕೊಂಡದ್ದಕ್ಕೆ ನಾನು ಎಂದೂ ಮರುಗಿಲ್ಲ.

ಲ್ಯಾಬಿನಲ್ಲಿ ಬೆಳೆಸಿದ ಪಚ್ಚೆಯ ವಿಷಯ ನೀನು ಸಂಕೋಚದಿಂದ ಕೇಳಿದ್ದೀಯೆ, ಸಂಕೋಚವೇಕೆ? 1930ರ ದಶಕದಲ್ಲೇ ಅಮೆರಿಕದ ಕ್ಯಾರಲ್ ಚಾಥಮ್ ಎಂಬವರು ಅದನ್ನು ಬೆಳೆಸುವುದರಲ್ಲಿ ಯಶಸ್ವಿಯಾದರು. ರಾಸಾಯನಿಕವಾಗಿ ಅದೂ ಪಚ್ಚೆಯೇ, ಬೆಲೆ ಬಲು ಕಡಿಮೆ, ಒಳಗೂ ಸಾಮಾನ್ಯವಾಗಿ ಹೆಚ್ಚು ತಿಳಿ. ಆದರೆ ಅದನ್ನು ಅದರ ಹೆಸರಿನಲ್ಲೇ, ಅದರ ಬೆಲೆಗೇ ಕೊಳ್ಳಬೇಕು, ಹಾಕಿಕೊಳ್ಳುವ ಹುಡುಗಿಗೂ ಮೊದಲೇ ಹೇಳಬೇಕು. ನೆಲದಿಂದ ಬಂದದ್ದೇ ಬೇಕೆಂಬುದು ಅವಳ ಮನಸ್ಸಾಗಿದ್ದರೆ ಚಿಕ್ಕದಾದರೂ ಅದನ್ನೇ ಕೊಡಿಸು. ಹೈಡ್ರೋ, ನ್ಯಾನೋ ಎಂಬ ಹೆಸರು ಹೊತ್ತು ಬರುವ ಹಸಿರು ಕಲ್ಲುಗಳಲ್ಲಿ ಎಷ್ಟೋ ಬರೀ ಗಾಜು. ಲೂಪಿನಲ್ಲಿ ದುಂಡನೆಯ ಗುಳ್ಳೆಗಳು ಕಂಡರೆ ಅಲ್ಲಿಗೆ ಮುಗಿಯಿತು. ಎರಡು ತುಣುಕುಗಳನ್ನು ನಡುವೆ ಹಸಿರು ಅಂಟಿನಿಂದ ಜೋಡಿಸಿದವೂ ಇವೆ. ನೀರಿನಲ್ಲಿ ಮುಳುಗಿಸಿ ಪಕ್ಕದಿಂದ ನೋಡಿದರೆ ಜೋಡಣೆಯ ಗೆರೆ ಕಾಣುತ್ತದೆ.

ಮೊದಲು ಬಿಡಿ ಹರಳನ್ನೇ ಕೊಂಡು ಆಮೇಲೆ ಉಂಗುರ ಮಾಡಿಸು. ಹಿಂಭಾಗ ಮುಚ್ಚಿದ ಉಂಗುರದಲ್ಲಿ ಕೂತ ಹರಳಿನ ತಳದಲ್ಲಿ ಹಸಿರು ತಗಡಿದೆಯೋ ಬಣ್ಣವಿದೆಯೋ ಹೇಳುವುದು ಕಷ್ಟ. ಬಿಲ್ಲಿನಲ್ಲಿ ‘ನೈಸರ್ಗಿಕ ಪಚ್ಚೆ’ ಎಂಬುದನ್ನೂ, ತೂಕವನ್ನೂ, ಬಿರುಕಿಗೆ ಏನು ತುಂಬಿದೆ, ಎಷ್ಟು ತುಂಬಿದೆ ಎಂಬುದನ್ನೂ ಬರೆಸಿಕೋ. ಅದನ್ನು ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ಹರಳು ಎಷ್ಟೇ ಚೆಲುವಾಗಿದ್ದರೂ ಕೊಳ್ಳಬೇಡ. ಕೆಲವು ದಿನಗಳೊಳಗೆ ಹಿಂತಿರುಗಿಸುವ ಅವಕಾಶವಿದ್ದರೆ ಆ ದಿನಗಳಲ್ಲೇ ಬೇರೆಡೆ ಪರೀಕ್ಷೆ ಮಾಡಿಸು. ತೀರ ಚಿಕ್ಕ ಹರಳಿಗೆ ದೊಡ್ಡ ಪರೀಕ್ಷಾಲಯದ ಪೂರ್ಣ ವರದಿ ಹರಳಿಗಿಂತ ದುಬಾರಿಯಾದೀತು. ಅಂಥದ್ದಕ್ಕೆ ಅದು ಪಚ್ಚೆಯೇ ಹೌದು, ನೆಲದ್ದೇ ಹೌದು ಎಂದು ಹೇಳುವ ಚಿಕ್ಕ ವರದಿ ಸಾಕು.

ದಿನವೂ ಹಾಕಿಕೊಳ್ಳುವ ಉಂಗುರವಾದ್ದರಿಂದ ಹರಳನ್ನು ಕೂಡಿಸುವ ಬಗೆಯ ಕುರಿತು ಎರಡು ಮಾತು. ವಜ್ರಕ್ಕೆ 10 ಕೊಡುವ ಮೋಸ್ ಅಳತೆಯಲ್ಲಿ ಪಚ್ಚೆಯ ಕಾಠಿಣ್ಯ 7.5ರಿಂದ 8, ಗೀರು ಸುಲಭವಾಗಿ ಬೀಳದು, ಆದರೆ ಪೆಟ್ಟಿಗೆ ಅದು ಚಕ್ಕೆ ಏಳುತ್ತದೆ. ಎತ್ತರದ ನಾಲ್ಕು ಕಾಲುಗಳ ಮೇಲೆ ಹರಳನ್ನು ನಿಲ್ಲಿಸುವ ಬದಲು, ಬೆರಳಿಗೆ ತಗ್ಗಾಗಿ, ಸುತ್ತಲೂ ಚಿನ್ನದ ಅಂಚು ಕಟ್ಟಿ ಕೂಡಿಸಲು ಹೇಳು. ಆ ಅಂಚು ಚಿಕ್ಕ ಹರಳನ್ನು ಸ್ವಲ್ಪ ದೊಡ್ಡದಾಗಿಯೂ ತೋರಿಸುತ್ತದೆ. ಹಳದಿ ಚಿನ್ನ ಪಚ್ಚೆಯ ಬಣ್ಣವನ್ನು ಬೆಚ್ಚಗಾಗಿಸುತ್ತದೆಂಬುದು ನನ್ನ ಕಣ್ಣಿನ ತೀರ್ಪು. ನೀಲಿ ಛಾಯೆಯ ಹರಳಾದರೆ ಬಿಳಿ ಲೋಹವೂ ಒಪ್ಪುತ್ತದೆ. ಬೆಸುಗೆಯ ಕೆಲಸವೆಲ್ಲ ಮುಗಿದ ಮೇಲೆಯೇ ಹರಳನ್ನು ಕೂಡಿಸಬೇಕು. ಮುಂದೆಂದಾದರೂ ಉಂಗುರದ ಅಳತೆ ಬದಲಿಸುವಾಗ ಹರಳನ್ನು ಬಿಡಿಸಿಯೇ ಬೆಂಕಿ ತೋರಿಸಬೇಕೆಂದು ಅಕ್ಕಸಾಲಿಗೆ ಹೇಳು. ತೊಳೆಯಲು ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಮೆತ್ತನೆಯ ಬ್ರಷ್ ಸಾಕು. ಉಗುರುಬಣ್ಣ ತೆಗೆಯುವ ದ್ರವ ತಾಗಬಾರದು, ಹಬೆ ತಾಗಬಾರದು, ಆ ಯಂತ್ರವನ್ನಂತೂ ನಾನು ಮತ್ತೆ ಹೇಳಬೇಕಿಲ್ಲ.

ಮೊದಲು ಅವಳ ಬೆರಳಿನ ಅಳತೆಯನ್ನು ಸಂಜೆಯ ಹೊತ್ತಿನಲ್ಲಿ ತೆಗೆದುಕೋ, ಬೆಳಿಗ್ಗೆ ಬೆರಳು ಸಣ್ಣಗಿರುತ್ತದೆ. ಎರಡು ಮೂರು ಹರಳುಗಳು ಮನಸ್ಸಿಗೆ ಬಂದಾಗ ಅವುಗಳ ಮಿಲಿಮೀಟರ್ ಅಳತೆಯನ್ನೂ, ದೀಪವಿಲ್ಲದೆ ಕಿಟಕಿಯ ಬಳಿ ತೆಗೆದ ಚಿತ್ರಗಳನ್ನೂ, ಬಿಲ್ಲಿನಲ್ಲಿ ಏನು ಬರೆದುಕೊಡುತ್ತಾರೆಂಬುದನ್ನೂ ನನಗೆ ಕಳುಹಿಸು. ಚಿತ್ರ ನೋಡಿ ಕೊಳ್ಳು ಎಂದು ಹೇಳಲಾರೆ, ಆದರೆ ಯಾವುದನ್ನು ಬಿಡಬೇಕೆಂಬುದನ್ನು ಬಹುಶಃ ಹೇಳಬಲ್ಲೆ.

ಇತಿ,
ನಿನ್ನ ದೊಡ್ಡಮ್ಮ