ಕತ್ತರಿಸಿದ ಸ್ಟ್ರಿಪ್‌ನಲ್ಲಿ ಮಾತ್ರೆಯ ಹೆಸರೇ ಇಲ್ಲ

ಮಾನ್ಯ ಸಂಪಾದಕರೇ,

ನಮ್ಮ ಅಪ್ಪನ ಕೆಳತುಟಿಯಲ್ಲಿ ಹುಣಸೆ ಬೀಜದಷ್ಟು ಕಪ್ಪು ಕಲೆ ಇದೆ. ಎರಡು ವರ್ಷದ ಹಿಂದೆ ಬೇಧಿ ಶುರುವಾದಾಗ ಮನೆ ಹತ್ತಿರದ ಮೆಡಿಕಲ್‌ನಲ್ಲಿ 'ಲೂಸ್ ಮೋಷನ್‌ಗೆ ಏನಾದ್ರೂ ಕೊಡಿ' ಅಂತ ಕೇಳಿ ನಾಲ್ಕು ಮಾತ್ರೆ ತಂದಿದ್ದರು. ಚೀಟಿ ಇಲ್ಲ, ಬಿಲ್ಲೂ ಇಲ್ಲ. ಮಾರನೇ ದಿನ ಬೇಧಿ ನಿಂತಿತು, ತುಟಿ ಉರಿಯೋಕೆ ಶುರುವಾಯಿತು, ಗುಳ್ಳೆ ಎದ್ದು ಒಡೆಯಿತು. ಅಮ್ಮ ಉಷ್ಣ ಆಗಿದೆ ಅಂತ ಎಳನೀರು, ಮಜ್ಜಿಗೆ ಕೊಟ್ಟರು. ಪಕ್ಕದ ಮನೆಯವರು ನಂಜು, ಬದನೆಕಾಯಿ ಬಿಡಿಸಿ ಅಂದರು. ಹುಣ್ಣು ಮಾಯಿತು, ಕಲೆ ಉಳಿಯಿತು.

ಎಂಟು ತಿಂಗಳ ಮೇಲೆ ಮತ್ತೆ ಬೇಧಿ, ಮತ್ತೆ ಅದೇ ಅಂಗಡಿ. ಈ ಸಲ ಕೆಲವೇ ಗಂಟೆಯಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಗುಳ್ಳೆ, ಜೊತೆಗೆ ಎಡಗೈ ಮೇಲೆ ರೂಪಾಯಿ ಅಗಲದ ಕೆಂಪು ಗುಂಡು. ಚರ್ಮದ ಡಾಕ್ಟರು ನೋಡಿದ ತಕ್ಷಣ ಹೇಳಿದರು, ಇದು ಫಿಕ್ಸ್ಡ್ ಡ್ರಗ್ ಎರಪ್ಷನ್, ಆಗಿಬರದ ಮಾತ್ರೆ ಪ್ರತಿ ಸಲ ನುಂಗಿದಾಗಲೂ ಹಳೇ ಜಾಗದಲ್ಲೇ ಏಳುತ್ತೆ, ಯಾವ ಮಾತ್ರೆ ತಂದು ತೋರಿಸಿ ಅಂತ.

ಔಷಧಿ ಡಬ್ಬಿ ಪೂರ್ತಿ ಸುರಿದು ಹುಡುಕಿದೆ. ಸಿಕ್ಕಿದ್ದು ಖಾಲಿ ಸ್ಟ್ರಿಪ್‌ನ ಒಂದು ತುಂಡು. ಕತ್ತರಿ ಆಡಿದ ಅಂಚಿನಲ್ಲಿ 'ನಿಡಜೋಲ್' ಅಂತಷ್ಟೇ ಉಳಿದಿತ್ತು. ಮೆಟ್ರೊನಿಡಜೋಲ್, ಟಿನಿಡಜೋಲ್, ಆರ್ನಿಡಜೋಲ್, ಎಲ್ಲಕ್ಕೂ ಅದೇ ಬಾಲ! ಸಾಲದ್ದಕ್ಕೆ ಬೇಧಿಗೆ ಕೊಡುವ ಮಾತ್ರೆಗಳಲ್ಲಿ ಇದರ ಜೊತೆ ಆಫ್ಲಾಕ್ಸಸಿನ್ ಥರದ ಇನ್ನೊಂದು ಆಂಟಿಬಯೋಟಿಕ್ ಸೇರಿಸಿರೋದೇ ಜಾಸ್ತಿ. ತುಟಿ ಸುಟ್ಟಿದ್ದು ಇದೋ ಅದೋ, ಯಾರಿಗೆ ಗೊತ್ತು? ಅಂಗಡಿಯವರನ್ನು ಕೇಳಿದರೆ 'ದಿನಾ ನೂರು ಜನಕ್ಕೆ ಕೊಡ್ತೀವಿ ಸಾರ್' ಅಂದರು.

ಇದೆಲ್ಲ ಸಣ್ಣ ವಿಷಯ ಅಂದುಕೊಂಡಿದ್ದೆವು. ಈ ಮಾರ್ಚ್‌ನಲ್ಲಿ ಅಪ್ಪನಿಗೆ ಮೂತ್ರದ ಸೋಂಕಾಗಿ ಚಳಿಜ್ವರ ಬಂತು. ಸೋಂಕಿಗೆ ಯಾವ ಔಷಧಿ ಕೆಲಸ ಮಾಡುತ್ತೆ ಅಂತ ಹೇಳುವ ಕಲ್ಚರ್ ರಿಪೋರ್ಟ್ ಪ್ರಕಾರ ಅಗ್ಗದ ಮಾತ್ರೆಯೊಂದು ಸಾಕಿತ್ತು, ಆದರೆ ಅದು ಆಫ್ಲಾಕ್ಸಸಿನ್ ಜಾತಿಯದ್ದು. ಅನುಮಾನ ಇರುವಾಗ ಕೊಡಲ್ಲ ಅಂದರು ಡಾಕ್ಟರು, ಅವರು ಮಾಡಿದ್ದೂ ಸರಿ. ಏಳು ದಿನ ಇಂಜೆಕ್ಷನ್ ಆಯಿತು.

ನಮಗೆ ಬಂದದ್ದು ಬರೀ ಕಲೆ. ಕೆಲವರಿಗೆ ಆಂಟಿಬಯೋಟಿಕ್‌ನಿಂದ ಬಾಯಿ, ಕಣ್ಣೆಲ್ಲ ಹುಣ್ಣಾಗಿ ಮೈ ಚರ್ಮವೇ ಸುಲಿದು ಬರುತ್ತದೆ, ಅದಕ್ಕೆ ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಅನ್ನುತ್ತಾರೆ, ಜೀವಕ್ಕೇ ಅಪಾಯ. ಹಾಗಂತ ಮಾತ್ರೆ ತಗೊಂಡು ಹೊಟ್ಟೆ ತೊಳಸಿದರೆ ಅದು ಅಲರ್ಜಿ ಅಲ್ಲ. ಚಿಕ್ಕಂದಿನಲ್ಲಿ ಯಾರೋ ಅಂದರು ಅಂತ ಪೆನಿಸಿಲಿನ್ ಆಗಲ್ಲ ಎನ್ನುವವರನ್ನು ಪರೀಕ್ಷೆ ಮಾಡಿದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಏನೂ ಆಗುವುದಿಲ್ಲವಂತೆ. ಎರಡಕ್ಕೂ ಬೇಕಾಗಿರೋದು ಒಂದೇ, ಯಾವ ಮಾತ್ರೆ, ಏನಾಯಿತು ಅನ್ನುವ ಬರಹ.

ಚೀಟಿ ಇಲ್ಲದೆ ಮಾರಬಾರದ ಕೆಲವು ಆಂಟಿಬಯೋಟಿಕ್ ಮುಂತಾದವುಗಳಿಗೆ ಶೆಡ್ಯೂಲ್ ಎಚ್1 ಅಂತ ಸರ್ಕಾರದ ಪಟ್ಟಿ ಇದೆ. 2014ರಿಂದ ಆ ಪಟ್ಟಿಯ ಔಷಧಿ ಕೊಟ್ಟರೆ ರೋಗಿಯ ಹೆಸರು, ಡಾಕ್ಟರ ಹೆಸರು ಬರೆದು ಮೂರು ವರ್ಷ ಇಟ್ಟಿರಬೇಕು ಅಂತ ನಿಯಮ ಇದೆ. ಪುಸ್ತಕ ಅಂಗಡಿಯಲ್ಲಿರಲಿ ಸ್ವಾಮಿ, ರೋಗಿಯ ಕೈಗೂ ಏನಾದರೂ ಬರಬೇಕಲ್ವಾ? ನಾಲ್ಕೇ ಮಾತ್ರೆ ಆದರೂ ಹೆಸರು ಬರೆದ ಬಿಲ್ ಕೊಡಲಿ. ಆಸ್ಪತ್ರೆಯ ಒಪಿಡಿ ಚೀಟಿಯಲ್ಲಿ ಬಿಪಿ, ತೂಕದ ಪಕ್ಕ 'ಆಗಿಬರದ ಔಷಧಿ' ಅಂತ ಒಂದು ಗೆರೆ ಕನ್ನಡದಲ್ಲಿ ಹಾಕಿಸಲಿ.

ಔಷಧಿಯಿಂದ ತೊಂದರೆಯಾದರೆ ನಾವೇ ದೂರು ಹೇಳಲು ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-180-3024. ಕನ್ನಡದಲ್ಲೂ ಫಾರಂ ಇದೆ, ಯಾರು ಬೇಕಾದರೂ ತುಂಬಬಹುದು. ನಾನೂ ತುಂಬಿದೆ. ಮಾತ್ರೆಯ ಹೆಸರು ಕೇಳಿದ ಕಡೆ 'ನಿಡಜೋಲ್' ಅಂತ ಬರೆದು ಕಳಿಸಿದ್ದೇನೆ.

ಇತಿ,
ನಿಮ್ಮ ಓದುಗ, ತುಮಕೂರು