ಬೇಲ್‌ನನ್ನು ಧರ್ಮದ್ವೇಷಿ ಎನ್ನಬೇಡಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಯುರೋಪಿನ ಸಂಶಯವಾದಿಗಳ ಬಗ್ಗೆ ಬಂದ ಲೇಖನ ಓದಿದೆ. ಅದರಲ್ಲಿ ಪಿಯರ್ ಬೇಲ್ ಎಂಬ ಫ್ರೆಂಚ್ ಬರಹಗಾರನಿಗೆ ಸಿಕ್ಕಿದ್ದು ಒಂದೇ ಸಾಲು: ಧರ್ಮದ ಬುಡಕ್ಕೆ ಕೊಡಲಿ ಹಾಕಿದವನು ಅಂತ. ಈ ಮನುಷ್ಯನ ಮೇಲೆ ನನಗೆ ತುಂಬಾ ಪ್ರೀತಿ. ಓದಿ ಸುಮ್ನೆ ಇರಲು ಆಗಲಿಲ್ಲ.

ನಾನು 31 ವರ್ಷ ಗದಗಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವನು. ಬೇಲ್ 1697ರಲ್ಲಿ ರಾಟರ್‌ಡ್ಯಾಮಿನಲ್ಲಿ ಹೊರತಂದ ನಿಘಂಟಿನ (ಪದಗಳದ್ದಲ್ಲ, ಹೆಚ್ಚಾಗಿ ವ್ಯಕ್ತಿಗಳ ಚರಿತ್ರೆಯದ್ದು) ಒಂದು ಪುಟವನ್ನು ಮಗಳು ಕಂಪ್ಯೂಟರಿನಲ್ಲಿ ತೋರಿಸಿದಳು. ಫ್ರೆಂಚ್ ನನಗೆ ಬರುವುದಿಲ್ಲ. ಪುಟ ನೋಡಿಯೇ ದಂಗಾದೆ. ಮೇಲೆ ದೊಡ್ಡ ಅಕ್ಷರದಲ್ಲಿ ನಾಲ್ಕೈದು ಸಾಲು. ಕೆಳಗೆ ಎರಡು ಕಾಲಂಗಳಲ್ಲಿ ಸಣ್ಣ ಅಕ್ಷರದ ಟಿಪ್ಪಣಿ, ಪುಟದ ತುಂಬಾ. ಅಂಚಿನಲ್ಲಿ ಯಾವ ಮಾತು ಯಾವ ಪುಸ್ತಕದ್ದು ಎಂಬ ವಿವರ. ಅದರ ಅಚ್ಚುಮೊಳೆ ಜೋಡಿಸಿದವರ ಕೈಗೆ ನಮಸ್ಕಾರ. ಬೇರೆ ನಿಘಂಟುಗಳಲ್ಲಿದ್ದ ತಪ್ಪುಗಳನ್ನೆಲ್ಲ ಪಟ್ಟಿ ಮಾಡಬೇಕು ಅನ್ನುವುದು ಬೇಲ್‌ನ ಮೊದಲಿನ ಯೋಚನೆಯಾಗಿತ್ತಂತೆ. ಇಷ್ಟು ಜನ ಹೇಳಿದ್ದಾರೆ, ಸರಿ, ಆಧಾರ ಎಲ್ಲಿದೆ ಎಂದು ಅವನು ಕೇಳುತ್ತಿದ್ದ. ಅವನ ಸಂಶಯದ ಒಂದು ಮುಖ ಇದು.

ಇನ್ನೊಂದು ಮುಖಕ್ಕೆ ಮನೆಯ ದುಃಖದ ನಂಟಿದೆ. ಬೇಲ್ ಪ್ರಾಟೆಸ್ಟೆಂಟ್ ಪಾದ್ರಿಯ ಮಗ. ಅವನು ಪಾಠ ಹೇಳುತ್ತಿದ್ದ ಸೆಡಾನ್ ಊರಿನ ಅಕಾಡೆಮಿಯನ್ನು ಫ್ರಾನ್ಸಿನ ಕ್ಯಾಥೊಲಿಕ್ ದೊರೆ 14ನೇ ಲೂಯಿ 1681ರಲ್ಲಿ ಮುಚ್ಚಿಸಿದ. ಬೇಲ್ ಹಾಲೆಂಡಿಗೆ ಹೋದ. ಅಲ್ಲಿ ಹೆಸರು ಹಾಕದೆ ಬರೆದ ಒಂದು ಪುಸ್ತಕ ಫ್ರಾನ್ಸಿನ ಅಧಿಕಾರಿಗಳನ್ನು ಕೆರಳಿಸಿತು. ಬರೆದವನು ಕೈಗೆ ಸಿಗಲಿಲ್ಲ. ಊರಲ್ಲಿ ಪಾದ್ರಿಯಾಗಿದ್ದ ಅಣ್ಣ ಜಾಕೋಬ್ ಸಿಕ್ಕಿದ. ಮತ ಬಿಟ್ಟರೆ ಬಿಡುತ್ತೇವೆ ಅಂದರು. ಅಣ್ಣ ಒಪ್ಪಲಿಲ್ಲ. 1685ರ ನವೆಂಬರಿನಲ್ಲಿ ಬೋರ್ಡೋ ಸೆರೆಮನೆಯಲ್ಲಿ ತೀರಿಕೊಂಡ. 1598ರಿಂದ ಪ್ರಾಟೆಸ್ಟೆಂಟರಿಗೆ ಆಸರೆಯಾಗಿದ್ದ ನಾಂತ್ ಶಾಸನವನ್ನು ದೊರೆ ರದ್ದು ಮಾಡಿ ಆಗಿನ್ನೂ ಒಂದು ತಿಂಗಳಾಗಿತ್ತು.

ಮರುವರ್ಷ ಬೇಲ್ ಬರೆದ ಪುಸ್ತಕ ಬೈಬಲ್ಲಿನ ಒಂದೇ ಮಾತಿನ ಸುತ್ತ ಇದೆ. ಲೂಕನ ಸುವಾರ್ತೆಯಲ್ಲಿ ಔತಣದ ಕಥೆ ಬರುತ್ತದೆ. ಜನರನ್ನು ಬಲವಂತ ಮಾಡಿಯಾದರೂ ಒಳಗೆ ಕರೆದು ತಾ ಎಂದು ಯಜಮಾನ ಆಳಿಗೆ ಹೇಳುತ್ತಾನೆ. ಈ ಮಾತನ್ನು ಹಿಡಿದು, ಮತದ ವಿಷಯದಲ್ಲಿ ಬಲ ಬಳಸಬಹುದು ಎಂದು ಐದನೇ ಶತಮಾನದ ಸಂತ ಅಗಸ್ಟೀನನ ಕಾಲದಿಂದ ವಾದಿಸುತ್ತಿದ್ದರು. ಬೇಲ್ ಕೇಳಿದ್ದು ಇಷ್ಟೇ: ಪ್ರತಿ ಪಂಥವೂ ತನ್ನದೇ ಸತ್ಯ ಅಂತ ನಂಬಿದೆ ಅಲ್ವಾ? ಹಾಗಾದರೆ ಹೊಡೆಯುವ ಹಕ್ಕೂ ಎಲ್ಲರಿಗೂ ಬರುತ್ತದಲ್ಲ? ಅವನು ಕೊಡುವ ಒಂದು ಉದಾಹರಣೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಮಗನೊಬ್ಬ ಬೇರೆ ಯಾರನ್ನೋ ತನ್ನ ತಂದೆ ಅಂದುಕೊಂಡು ಭಕ್ತಿಯಿಂದ ನೋಡಿಕೊಂಡರೆ ಅದು ಪಾಪವೇ? ಮನಸ್ಸಾಕ್ಷಿಯೂ ಹಾಗೆ ತಪ್ಪಬಹುದು. ತಪ್ಪಿದೆ ಅಂತ ಅದನ್ನು ಬಡಿದು ಮುರಿಯಬಾರದು. ಯಹೂದಿಗಳಿಗೂ ಮುಸ್ಲಿಮರಿಗೂ ಇದು ಅನ್ವಯಿಸುತ್ತದೆ ಅಂದ.

ನಾಸ್ತಿಕರ ಸಮಾಜವೂ ನೀತಿಯಿಂದ ಬಾಳಬಹುದು ಎಂದು ಅವನು ಧೂಮಕೇತುವಿನ ಮೇಲಿನ ಪುಸ್ತಕದಲ್ಲಿ ಬರೆದದ್ದು ನಿಜ. ಲೇಖಕರು ಅದನ್ನೇ ಹಿಡಿದಿರಬೇಕು. ಆದರೆ ಬೇಲ್ 1706ರಲ್ಲಿ ಸಾಯುವತನಕ ತನ್ನ ಚರ್ಚನ್ನು ಬಿಡಲಿಲ್ಲ. ಒಳಗೆ ಎಷ್ಟು ನಂಬಿದ್ದ ಎಂದು ಪಂಡಿತರು ಇಂದಿಗೂ ಜಗಳವಾಡುತ್ತಾರೆ. ಬುದ್ಧಿ ಸೋತಲ್ಲಿ ನಂಬಿಕೆಯೇ ಗತಿ ಎಂದು ಅವನು ಮತ್ತೆ ಮತ್ತೆ ಬರೆದದ್ದನ್ನು ನಾನಂತೂ ನಂಬುತ್ತೇನೆ.

ಅವನ ರಾಜಕೀಯ ನನಗೆ ಒಪ್ಪಿಗೆಯಿಲ್ಲ. ಅಷ್ಟೆಲ್ಲ ಆದಮೇಲೂ ದೊರೆಯ ವಿರುದ್ಧ ದಂಗೆ ಏಳಬಾರದು ಅಂದ. ಪಂಥಗಳ ಜಗಳಕ್ಕೆ ಅವನು ಅಷ್ಟು ಹೆದರಿದ್ದ. ದಂಗೆಯ ಪರವಾಗಿದ್ದ ಪಿಯರ್ ಜ್ಯೂರಿಯು ಎಂಬ ಪಾದ್ರಿಯೂ ಅವನಂತೆಯೇ ದೇಶ ಬಿಟ್ಟು ಬಂದ ಪ್ರಾಟೆಸ್ಟೆಂಟ್, ಹಳೆಯ ಸಹೋದ್ಯೋಗಿ. ಬೇಲ್‌ನ ಮೇಲೆ ದೂರಿನ ಮೇಲೆ ದೂರು ಕೊಟ್ಟ. 1693ರಲ್ಲಿ ಬೇಲ್‌ನ ರಾಟರ್‌ಡ್ಯಾಮಿನ ಮೇಷ್ಟ್ರ ಕೆಲಸ ಹೋಯಿತು. ಅಣ್ಣನನ್ನು ಕಳೆದುಕೊಂಡದ್ದು ಕ್ಯಾಥೊಲಿಕ್ ದೊರೆಯಿಂದ, ಅನ್ನ ಕಳೆದುಕೊಂಡದ್ದು ಸ್ವಂತ ಮತದವರಿಂದ.

ಲೇಖನ ಮುಂದುವರಿಯುತ್ತದೆ ಎಂದು ಕೊನೆಯಲ್ಲಿ ಹಾಕಿದ್ದೀರಿ. ಮುಂದಿನ ಕಂತಿನಲ್ಲಿ ಆ ಒಂದು ಸಾಲನ್ನು ದಯವಿಟ್ಟು ತಿದ್ದಿಸಿ. ಜಾಗವಿದ್ದರೆ ಜಾಕೋಬನ ಹೆಸರನ್ನೂ ಸೇರಿಸಿ.

— ಒಬ್ಬ ನಿವೃತ್ತ ಪ್ರೂಫ್ ರೀಡರ್, ಗದಗ