ಭಾನುವಾರದ ಮಕ್ಕಳ ತರಗತಿಗೆ ಹಳೆಯ ಯಂತ್ರಗಳು ಬೇಕು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಡೊಂಬಿವಲಿಯ ಮಾಮೂಲಿ ಜಾಗದಲ್ಲೇ ಮಕ್ಕಳ ಕನ್ನಡ ತರಗತಿ. ಈ ಸಲದ ವಿಷಯ, ಕಂಪ್ಯೂಟರ್ ಬೆಳೆದು ಬಂದ ದಾರಿ.

ಈ ಕಥೆಯಲ್ಲಿ ನಮ್ಮ ಮುಂಬೈಗೂ ಪಾಲಿದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ಕಟ್ಟಿದ ಟಿಫ್ರಾಕ್ ಎಂಬ ಕಂಪ್ಯೂಟರ್ 1960ರಲ್ಲಿ ಕೆಲಸ ಶುರು ಮಾಡಿತು. ಒಳಗೆ ಸುಮಾರು 2,700 ವಾಲ್ವ್‌ಗಳು. ಹಳೆಯ ರೇಡಿಯೋದಲ್ಲಿ ಇರುತ್ತಿದ್ದವಲ್ಲ, ಅಂಥವೇ. ಮೆಮೊರಿ ಮಾತ್ರ ಸುಮಾರು 10 ಕಿಲೋಬೈಟ್! ನಾವು ಇಲ್ಲಿ ಹಾಕುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲೇ ವಿಜ್ಞಾನಿಗಳು ದೊಡ್ಡ ದೊಡ್ಡ ಲೆಕ್ಕ ಬಿಡಿಸಿದರು. ನನಗಂತೂ ಇದು ತುಂಬಾ ಹೆಮ್ಮೆಯ ವಿಷಯ. ನಮ್ಮ ಮಕ್ಕಳಿಗೂ ಗೊತ್ತಿರಬೇಕು, ಅಲ್ವಾ?

ಕಂಪ್ಯೂಟರ್‌ಗಳಲ್ಲಿ ವಾಲ್ವ್ ಜಾಗಕ್ಕೆ ಪುಟ್ಟ ಟ್ರಾನ್ಸಿಸ್ಟರ್ ಬಂತು, ಆಮೇಲೆ ಚಿಪ್ ಬಂತು, ಯಂತ್ರ ಚಿಕ್ಕದಾಯಿತು. 1991ರಲ್ಲಿ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್, ಹಲವು ಪ್ರೊಸೆಸರ್‌ಗಳನ್ನು (ಲೆಕ್ಕ ಮಾಡುವ ಚಿಪ್‌ಗಳನ್ನು) ಒಟ್ಟಿಗೆ ಜೋಡಿಸಿ ಪರಮ್ 8000 ಸೂಪರ್‌ಕಂಪ್ಯೂಟರ್ ಮಾಡಿತು.

ಮನೆಯಲ್ಲಿ ಹಳೆಯ ಕ್ಯಾಲ್ಕುಲೇಟರ್, ಫ್ಲಾಪಿ, ಪಂಚ್ ಕಾರ್ಡ್ (ತೂತುಗಳ ಮೂಲಕ ಕಂಪ್ಯೂಟರ್‌ಗೆ ಮಾಹಿತಿ ಕೊಡುತ್ತಿದ್ದ ರಟ್ಟಿನ ಕಾರ್ಡ್), ಬಟನ್ ಮೊಬೈಲ್ ಇದ್ದರೆ ದಯವಿಟ್ಟು ತನ್ನಿ. ಕೆಟ್ಟಿದ್ದರೂ ಪರವಾಗಿಲ್ಲ, ಮಕ್ಕಳು ಮುಟ್ಟಿ ನೋಡಲಿ. ಬ್ಯಾಂಕಿಗೆ ಮೊದಲ ಕಂಪ್ಯೂಟರ್ ಬಂದದ್ದನ್ನು ಕಂಡ ಹಿರಿಯರು ಬಂದು ನಾಲ್ಕು ಮಾತು ಹೇಳಬೇಕು. ಏನು ತರುತ್ತೀರಿ ಅಂತ ಶನಿವಾರದೊಳಗೆ ಇಲ್ಲೇ ತಿಳಿಸಿ.